ತೆಳುವಾದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್: ಕೊಂಡವರ ಅನುಭವ, ಕೊಳ್ಳುವವರಿಗೆ ತಿಳಿವಳಿಕೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರ ಮಕ್ಕಳು ಈಗ ಇಂಜಿನಿಯರಿಂಗ್ ಡಿಪ್ಲೊಮಾ, ಕಟ್ಟಡಗಳ ನಕಾಶೆ ತೆಗೆಯುವ ವಿದ್ಯೆ, ಆನಿಮೇಶನ್ ಮೊದಲಾದವುಗಳನ್ನು ಕಲಿಯುತ್ತಿದ್ದಾರೆ. ಇದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಲದು, ವರ್ಕ್‌ಸ್ಟೇಷನ್ನೇ ಬೇಕು ಎಂದು ಅವರು ಕೇಳುವುದುಂಟು. ಹೊಸತಕ್ಕೆ ಲಕ್ಷಕ್ಕೂ ಮಿಕ್ಕಿ ಬೆಲೆ. ಆದುದರಿಂದ ತಂದೆತಾಯಿಗಳು ಪ್ರಾವಿಡೆಂಟ್ ಫಂಡಿನಿಂದಲೋ ಸೊಸೈಟಿಯ ಸಾಲದಿಂದಲೋ ಹಣ ಕೂಡಿಸಿ, ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ದೊಡ್ಡ ಕಂಪನಿಗಳು ಉಪಯೋಗಿಸಿ ಬಿಟ್ಟ ಯಂತ್ರಗಳಲ್ಲಿ ಒಂದನ್ನು ಆರಿಸುತ್ತಾರೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ತೆಳ್ಳಗೆ, ಹಗುರಾಗಿ, ಅಂದವಾಗಿರುವ ಯಂತ್ರ. ಅದನ್ನು ಕೊಂಡವರ ಅನುಭವವೇನು, ಹಣ ಎಣಿಸಿ ಕೊಡುವ ಮೊದಲು ನೋಡಬೇಕಾದದ್ದೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವರ್ಕ್‌ಸ್ಟೇಷನ್ ಎಂದರೇನು?

ಪತ್ರ ಬರೆಯಲು, ಲೆಕ್ಕ ಇಡಲು, ಸಿನಿಮಾ ನೋಡಲು ಸಾಧಾರಣ ಲ್ಯಾಪ್‌ಟಾಪ್ ಸಾಕು. ಒಂದು ಸೇತುವೆಯ ಅಥವಾ ಯಂತ್ರದ ಬಿಡಿಭಾಗದ ಘನಾಕೃತಿಯನ್ನು ಪರದೆಯ ಮೇಲೆ ತಿರುಗಿಸಿ ನೋಡಬೇಕಾದರೆ ಚಿತ್ರದ ಕೆಲಸಕ್ಕೆಂದೇ ಬೇರೊಂದು ಚಿಪ್ಪು ಇರಬೇಕಾಗುತ್ತದೆ. ವರ್ಕ್‌ಸ್ಟೇಷನ್‌ಗಳಲ್ಲಿ ಇಂಥ ಚಿಪ್ಪು ಇರುವುದಲ್ಲದೆ, ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಮೊದಲಾದ ತಂತ್ರಾಂಶಗಳ ಜೊತೆ ಅದು ಸರಿಯಾಗಿ ನಡೆಯುವುದೆಂದು ಪರೀಕ್ಷಿಸಿ ಪ್ರಮಾಣಪತ್ರ ಪಡೆದಿರುತ್ತಾರೆ. ಬೆಲೆ ಹೆಚ್ಚಾಗಲು ಇದೂ ಒಂದು ಕಾರಣ.

ಮೊದಲು ಇಂಥ ಲ್ಯಾಪ್‌ಟಾಪ್‌ಗಳೆಲ್ಲ ಇಟ್ಟಿಗೆಯಂತೆ ದಪ್ಪವಾಗಿದ್ದವು. 2013ರಲ್ಲಿ ಡೆಲ್ ಕಂಪನಿಯು ಪ್ರಿಸಿಷನ್ ಎಂ3800 ಎಂಬ ಯಂತ್ರವನ್ನು ಹೊರತಂದಿತು. ಅದರ ದಪ್ಪ 18 ಮಿಲಿಮೀಟರ್, ತೂಕ ಸುಮಾರು 1.9 ಕಿಲೊ. ಅದೇ ವರ್ಷ ಅದೇ ಕಂಪನಿ ಮಾಡಿದ ಎಂ4800 ಎಂಬ ದಪ್ಪ ಯಂತ್ರದ ತೂಕ 2.9 ಕಿಲೊದಷ್ಟಿದ್ದಿತು. ಆಮೇಲೆ 2015ರಲ್ಲಿ ಎಚ್‌ಪಿಯವರು ಝಡ್‌ಬುಕ್ ಸ್ಟುಡಿಯೊವನ್ನೂ, 2018ರಲ್ಲಿ ಲೆನೊವೊದವರು ಥಿಂಕ್‌ಪ್ಯಾಡ್ ಪಿ1 ಅನ್ನೂ ತಂದರು. ಹಳೆಯ ಸರಕಿನ ಅಂಗಡಿಗಳಲ್ಲಿ ಸಿಕ್ಕುವ ತೆಳು ವರ್ಕ್‌ಸ್ಟೇಷನ್‌ಗಳು ಬಹುಮಟ್ಟಿಗೆ ಇವೇ, ಇಲ್ಲವೆ ಇವುಗಳ ತಮ್ಮಂದಿರು.

ಕೊಂಡವರು ಮೆಚ್ಚಿದ ಗುಣಗಳು

ಗುಣವನ್ನು ಮೊದಲು ಹೇಳುವುದು ನ್ಯಾಯ. ಲೋಕಲ್ ರೈಲಿನಲ್ಲಿ ನಿಂತುಕೊಂಡು ಪ್ರಯಾಣ ಮಾಡುವವನಿಗೆ ಚೀಲದಲ್ಲಿ ಒಂದು ಕಿಲೊ ಕಡಿಮೆಯಾದರೂ ಹೆಗಲಿಗೆ ತಿಳಿಯುತ್ತದೆ. ಎಂ3800ರ ಮೇಲ್ಭಾಗ ಅಲ್ಯೂಮಿನಿಯಂ, ಕೆಳಭಾಗ ಕಾರ್ಬನ್ ಫೈಬರ್; ತೆಳುವಾದರೂ ಬಳುಕದು. ಅದರ ಉತ್ತಮ ತರಗತಿಯ ಪರದೆಯಲ್ಲಿ ಅಡ್ಡಕ್ಕೆ 3200, ಉದ್ದಕ್ಕೆ 1800 ಚುಕ್ಕೆಗಳಿವೆ. ಸಾಧಾರಣ ಪರದೆಯಲ್ಲಿ ಮಸುಕಾಗಿ ಕಾಣುವ ಕನ್ನಡದ ಒತ್ತಕ್ಷರಗಳು ಇದರಲ್ಲಿ ಅಚ್ಚುಮೊಳೆಯಿಂದ ಒತ್ತಿದಂತೆ ಸ್ಪಷ್ಟವಾಗಿರುತ್ತವೆ.

ಈ ಪರದೆಯಿಂದಲೇ ಒಂದು ತೊಂದರೆಯೂ ಬಂದಿತು. ಹಳೆಯ ತಂತ್ರಾಂಶಗಳಲ್ಲಿ ಗುಂಡಿಗಳೂ ಅಕ್ಷರಗಳೂ ಸಾಸಿವೆಯಷ್ಟು ಚಿಕ್ಕದಾಗಿ ಕಂಡು ಅನೇಕರು ಕಣ್ಣುಜ್ಜಿಕೊಂಡರು. ಪರದೆಯನ್ನು 1600ಕ್ಕೆ 900 ಎಂದು ಬದಲಾಯಿಸಿಕೊಂಡರೆ ಇದು ನಿವಾರಣೆಯಾಗುತ್ತದೆ. ಅದು ಸರಿಯಾಗಿ ಅರ್ಧವಾದುದರಿಂದ ನಾಲ್ಕು ಚುಕ್ಕೆಗಳು ಸೇರಿ ಒಂದಾಗುತ್ತವೆ.

ಕಾವಿನ ಮಾತು

ಇನ್ನು ಮುಖ್ಯ ವಿಷಯ. ಎಂ3800ರ ಪ್ರೊಸೆಸರ್ ತಯಾರಕರ ಲೆಕ್ಕದಂತೆ 37 ವ್ಯಾಟ್ ಕಾವನ್ನು ಹೊರಹಾಕುತ್ತದೆ. ಚಿತ್ರದ ಚಿಪ್ಪು 45 ವ್ಯಾಟ್. ಎರಡೂ ಪೂರ್ತಿ ದುಡಿದರೆ 82 ವ್ಯಾಟ್ ಆಯಿತು. ಹಿಂದಿನ ಕಾಲದ 60 ವ್ಯಾಟಿನ ಬಲ್ಬು ಎಷ್ಟು ಸುಡುತ್ತಿತ್ತೆಂಬುದು ನಮ್ಮಲ್ಲಿ ಹಿರಿಯರಿಗೆ ಗೊತ್ತು. ಅದಕ್ಕಿಂತ ಹೆಚ್ಚಿನ ಕಾವನ್ನು ಬೆರಳಿನಷ್ಟು ದಪ್ಪದ ಪೆಟ್ಟಿಗೆಯಿಂದ ಹೊರಗೆ ಕಳುಹಿಸಬೇಕಾಗಿದೆ. ಕಳುಹಿಸಲು ಇರುವ ಸಾಧನಗಳೆಂದರೆ ಒಂದೆರಡು ತಾಮ್ರದ ಕೊಳವೆ ಮತ್ತು ಅಂಗೈಗಿಂತ ಚಿಕ್ಕ ಫ್ಯಾನುಗಳು. ದಪ್ಪ ಯಂತ್ರದಲ್ಲಿ ದೊಡ್ಡ ಫ್ಯಾನಿಗೂ ಅಗಲವಾದ ತಗಡುಗಳಿಗೂ ಜಾಗವಿರುತ್ತದೆ. ತೆಳುವಿನಲ್ಲಿ ಆ ಜಾಗವನ್ನೇ ಕಡಿತಗೊಳಿಸಿರುತ್ತಾರೆ.

ಕಾವು ಹೊರಗೆ ಹೋಗದಿದ್ದರೆ ಏನಾಗುವುದು? ಪ್ರೊಸೆಸರಿನ ಉಷ್ಣತೆ ಸುಮಾರು 100 ಡಿಗ್ರಿಗೆ ಬಂದೊಡನೆ ಅದು ತನ್ನನ್ನು ತಾನು ರಕ್ಷಿಸಿಕೊಳ್ಳಲು ವೇಗವನ್ನು ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎಂದು ಹೆಸರು. ತೆಳು ವರ್ಕ್‌ಸ್ಟೇಷನ್ ಇಟ್ಟುಕೊಂಡವರ ದೂರುಗಳಲ್ಲಿ ಮೊದಲನೆಯದು ಇದೇ. ಮೊದಲಿನ ಕೆಲವು ನಿಮಿಷ ಕುದುರೆಯಂತೆ ಓಡುವ ಯಂತ್ರ ಆಮೇಲೆ ಎತ್ತಿನ ಗಾಡಿಯಾಗುತ್ತದೆ. ನಕಾಶೆ ತಿದ್ದುವಂಥ ಬಿಟ್ಟು ಬಿಟ್ಟು ನಡೆಯುವ ಕೆಲಸದಲ್ಲಿ ಇದು ತಿಳಿಯದು. ಗಂಟೆಗಟ್ಟಲೆ ಎಡೆಬಿಡದೆ ನಡೆಯುವ ಆನಿಮೇಶನ್ ರೆಂಡರಿಂಗ್‌ನಲ್ಲಿ ಎದ್ದು ಕಾಣುತ್ತದೆ. ಒಂದೇ ತರಗತಿಯ ಪ್ರೊಸೆಸರ್ ಇರುವ ದಪ್ಪ ಯಂತ್ರ ಅಲ್ಲಿ ಮುಂದೆ ಹೋಗುತ್ತದೆ. ಕಾಗದದ ಮೇಲೆ ಬರೆದ ಶಕ್ತಿ ಬೇರೆ, ಸಂಜೆಯ ತನಕ ನಿಲ್ಲುವ ಶಕ್ತಿ ಬೇರೆ. ಗಿರಣಿಯಲ್ಲಿ ಪಾಳಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಊರಿನ ಸೆಕೆಯೂ ಧೂಳೂ ಇದಕ್ಕೆ ಸೇರಿಕೊಳ್ಳುತ್ತವೆ. ಈ ಯಂತ್ರಗಳು ಹೆಚ್ಚಾಗಿ ತಳಭಾಗದಿಂದ ಗಾಳಿ ಎಳೆದುಕೊಳ್ಳುತ್ತವೆ. ಹಾಸಿಗೆಯ ಮೇಲೋ ಚಾದರದ ಮೇಲೋ ಇಟ್ಟರೆ ಆ ಕಿಂಡಿ ಮುಚ್ಚಿಹೋಗುತ್ತದೆ. ಗಟ್ಟಿ ಹಲಗೆಯ ಮೇಲೆ, ಹಿಂಭಾಗವನ್ನು ತುಸು ಎತ್ತರಿಸಿ ಇಡುವುದು ಖರ್ಚಿಲ್ಲದ ಉಪಾಯ. ವರುಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಬೇಕು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಬಳಿದಿರುವ ಥರ್ಮಲ್ ಪೇಸ್ಟ್ ಕೆಲವು ವರುಷಗಳಲ್ಲಿ ಒಣಗುತ್ತದೆ. ಅದನ್ನು ಕೆರೆದು ಹೊಸತಾಗಿ ಬಳಿಸಿದ ಅನೇಕರು ಉಷ್ಣತೆ ಇಳಿದುದನ್ನು ಕಂಡಿದ್ದಾರೆ.

ಬ್ಯಾಟರಿ

ಎಂ3800ರಲ್ಲಿ ಎರಡು ಬಗೆಯ ಬ್ಯಾಟರಿ ಬರುತ್ತಿತ್ತು: ದೊಡ್ಡದು 91 ವ್ಯಾಟ್-ಗಂಟೆ, ಚಿಕ್ಕದು 61. ದೊಡ್ಡದನ್ನು ತೆಗೆದುಕೊಂಡರೆ ಎರಡೂವರೆ ಇಂಚಿನ ಡಿಸ್ಕಿಗೆ ಒಳಗೆ ಜಾಗವಿಲ್ಲ. ಡಿಸ್ಕು ಬೇಕೆಂದರೆ ಚಿಕ್ಕ ಬ್ಯಾಟರಿಯಲ್ಲಿ ತೃಪ್ತಿಪಡಬೇಕು. ತೆಳುವಿನಲ್ಲಿ ಒಂದನ್ನು ಕೊಟ್ಟು ಒಂದನ್ನು ಪಡೆಯಬೇಕೆಂಬುದಕ್ಕೆ ಇದೇ ನಿದರ್ಶನ. 82 ವ್ಯಾಟಿಗೆ ಪರದೆಯ ಖರ್ಚನ್ನು ಕೂಡಿಸಿ ನೋಡಿದರೆ, 91ರ ಹೊಸ ಬ್ಯಾಟರಿಯೂ ಪೂರ್ಣ ದುಡಿಮೆಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಮಾತು. ಓದುಬರಹಕ್ಕಾದರೆ ಹಲವು ಗಂಟೆ ಬಂದೀತು.

ಇದಕ್ಕಿಂತಲೂ ಗಮನಿಸಬೇಕಾದುದು ಬ್ಯಾಟರಿಯ ಊತ. ಲಿಥಿಯಂ ಬ್ಯಾಟರಿಯು ಹಳತಾದಾಗ, ಬಹುಕಾಲ ಕಾವಿನಲ್ಲಿದ್ದಾಗ, ಒಳಗೆ ಅನಿಲ ತುಂಬಿ ಉಬ್ಬುವುದುಂಟು. ತೆಳು ಯಂತ್ರದಲ್ಲಿ ಬ್ಯಾಟರಿ ಕೈಯಿಡುವ ಜಾಗದ ಕೆಳಗೇ ಇರುವುದರಿಂದ ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದು ನಿಲ್ಲುತ್ತದೆ, ಗುಂಡಿ ಒತ್ತಲು ಬಾರದು, ಮುಚ್ಚಳ ಸರಿಯಾಗಿ ಕೂಡದು. ಟಚ್‌ಪ್ಯಾಡ್ ಕೆಟ್ಟಿತೆಂದು ಅದನ್ನು ಒತ್ತಿ ಕೂಡಿಸಲು ಹೋಗಬಾರದು. ಉಬ್ಬಿದ ಬ್ಯಾಟರಿಗೆ ಪೆಟ್ಟು ಬಿದ್ದರೆ, ತೂತಾದರೆ, ಬೆಂಕಿ ಹತ್ತಬಹುದು. ಹತ್ತಡಿಯ ಖೋಲಿಯಲ್ಲಿ ಐದಾರು ಜನ ಮಲಗುವ ಸಂಸಾರಗಳು ನಮ್ಮವು. ರಾತ್ರಿ ತಲೆದಿಂಬಿನ ಬಳಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸವಂತೂ ಬೇಡವೇ ಬೇಡ. ಊತ ಕಂಡೊಡನೆ ಯಂತ್ರವನ್ನು ಆರಿಸಿ, ಚಾರ್ಜಿನಿಂದ ಬಿಡಿಸಿ, ದುರಸ್ತಿಯವನಿಗೆ ಒಪ್ಪಿಸಬೇಕು. ತೆಗೆದ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡತಕ್ಕದ್ದು.

ವಿಂಡೋಸ್‌ನ ಪ್ರಶ್ನೆ

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ, ಕೆಲವು ಅಪವಾದಗಳನ್ನು ಬಿಟ್ಟು, ಇಂಟೆಲ್‌ನ 8ನೆಯ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. ಎಂ3800ರಲ್ಲಿರುವುದು 4ನೆಯ ತಲೆಮಾರು. ಅಂಗಡಿಯವರು ಪರೀಕ್ಷೆಯನ್ನು ತಪ್ಪಿಸಿ 11ನ್ನು ಹಾಕಿ ಕೊಡುವುದುಂಟು. ಆದರೆ ಅಂಥ ಯಂತ್ರಕ್ಕೆ ಮುಂದಿನ ಸುಧಾರಣೆಗಳು ಬರುತ್ತವೆಂದು ಕಂಪನಿ ಭರವಸೆ ಕೊಡುವುದಿಲ್ಲ. 2018ರ ಪಿ1ರಲ್ಲಿ 8ನೆಯ ತಲೆಮಾರಿನ ಪ್ರೊಸೆಸರ್ ಇರುವುದರಿಂದ ಆ ಚಿಂತೆಯಿಲ್ಲ.

ಹಳೆಯ ಯಂತ್ರದಲ್ಲಿ ಉಚಿತವಾದ ಲಿನಕ್ಸ್ ಹಾಕಿಕೊಳ್ಳಬಹುದು. ಆನಿಮೇಶನ್ನಿನ ಬ್ಲೆಂಡರ್ ಅದರಲ್ಲಿ ನಡೆಯುತ್ತದೆ, ಅದೂ ಉಚಿತ. ಆಟೊಕ್ಯಾಡ್‌ಗೆ ಮಾತ್ರ ಲಿನಕ್ಸ್ ಆವೃತ್ತಿಯಿಲ್ಲ. ಆದುದರಿಂದ ಯಾವ ತಂತ್ರಾಂಶ ಕಲಿಸುತ್ತಾರೆ, ಅದರ ಯಾವ ವರುಷದ ಆವೃತ್ತಿ ಎಂಬುದನ್ನು ಶಿಕ್ಷಕರಿಂದ ಬರೆಸಿಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಹಣ ಕೊಡುವ ಮೊದಲು ನೋಡತಕ್ಕ ಅಂಶಗಳು

1. ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲ್ಲಾಡಿದರೆ ಅಥವಾ ಟಚ್‌ಪ್ಯಾಡ್ ಎದ್ದಿದ್ದರೆ ಬ್ಯಾಟರಿ ಊದಿರಬಹುದು.

2. ಬ್ಯಾಟರಿ ರಿಪೋರ್ಟ್ ತೆಗೆಯಲು ಹೇಳಿ. ವಿಂಡೋಸ್‌ನಲ್ಲಿಯೇ ಅದಕ್ಕೆ ಅನುಕೂಲವಿದೆ. ಹೊಸತಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಅದರಲ್ಲಿ ಬರುತ್ತವೆ. ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ.

3. ಎರಡು ನಿಮಿಷ ನಡೆಸಿ ತೋರಿಸಿದರೆ ಒಪ್ಪಬೇಡಿ. ಅರ್ಧ ಗಂಟೆ ಭಾರವಾದ ಕೆಲಸ ಕೊಟ್ಟು, ವೇಗ ಎಷ್ಟು ಇಳಿಯುವುದೆಂದು ನೋಡಿ. ಫ್ಯಾನಿನಲ್ಲಿ ಕರಕರ ಶಬ್ದವಿರಕೂಡದು.

4. ಚಾರ್ಜರ್ ಅದೇ ಕಂಪನಿಯದಾಗಿರಲಿ, ವ್ಯಾಟ್ ಸರಿಯಾಗಿರಲಿ. ಎಂ3800ಕ್ಕೆ 130, ಪಿ1ಕ್ಕೆ 135 ವ್ಯಾಟ್ ಬೇಕು. ಡೆಲ್ ಚಾರ್ಜರಿನ ತುದಿಯ ನಡುವೆ ಸೂಜಿಯೊಂದಿದೆ. ಅದು ಮುರಿದರೆ ಯಂತ್ರ ಚಾರ್ಜರನ್ನು ಗುರುತಿಸದೆ ನಿಧಾನವಾಗಿ ನಡೆಯುತ್ತದೆ, ಬ್ಯಾಟರಿ ತುಂಬುವುದಿಲ್ಲ.

5. ಯಂತ್ರ ಶುರುವಾಗುವಾಗ ಬಯಾಸ್ ತೆರೆಸಿ; ಡೆಲ್‌ನಲ್ಲಿ ಎಫ್2 ಒತ್ತಬೇಕು. ಹಿಂದಿನ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ.

6. ಮೆಮೊರಿಯನ್ನು ಹೆಚ್ಚಿಸಲು ಬರುವುದೇ ಕೇಳಿ. ಎಂ3800ರಲ್ಲಿ ಎರಡು ಸ್ಲಾಟ್‌ಗಳಿವೆ, 16 ಜಿಬಿ ತನಕ ಹಾಕಬಹುದು. ಪಿ1ರ ಮೊದಲ ಮಾದರಿಯಲ್ಲಿ 64ರ ತನಕ. ಆಮೇಲೆ ಬಂದ ಹಲವು ತೆಳು ಯಂತ್ರಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿದ್ದಾರೆ, ಬದಲಿಸಲಾಗದು.

7. ಬಿಲ್ಲು ಮತ್ತು ವಾರಂಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಯಾರಿಗೆ ತಕ್ಕದ್ದು?

ದಿನವೂ ಕಾಲೇಜಿಗೆ ಹೊತ್ತುಕೊಂಡು ಹೋಗಿ, ನಕಾಶೆ ತಿದ್ದಿ, ಬರೆದು ಓದುವ ವಿದ್ಯಾರ್ಥಿಗೆ ತೆಳು ವರ್ಕ್‌ಸ್ಟೇಷನ್ ಸರಿಯಾದುದು. ಬ್ಯಾಟರಿ ಮತ್ತು ಪೇಸ್ಟಿನ ಖರ್ಚನ್ನು ಮೊದಲೇ ತೆಗೆದಿಟ್ಟಿರಬೇಕು. ಮನೆಯಲ್ಲಿ ಒಂದೇ ಕಡೆ ಕುಳಿತು ಗಂಟೆಗಟ್ಟಲೆ ರೆಂಡರಿಂಗ್ ಮಾಡುವವನಿಗೆ ದಪ್ಪ ಯಂತ್ರವೇ ಮೇಲು. ಎಂ4800ರಂಥದರಲ್ಲಿ ನಾಲ್ಕು ಮೆಮೊರಿ ಸ್ಲಾಟ್‌ಗಳಿವೆ, ಬ್ಯಾಟರಿಯನ್ನು ತಿರುಪು ಬಿಚ್ಚದೆ ಕೈಯಿಂದಲೇ ತೆಗೆಯಬಹುದು. ವಿಂಡೋಸ್ 11ರ ಅಡ್ಡಿ ಅದಕ್ಕೂ ಇದೆಯಾದುದರಿಂದ, ಬ್ಲೆಂಡರ್ ಕಲಿಯುವವನಿಗೆ ಅದಾದೀತು, ಆಟೊಕ್ಯಾಡ್ ಕಲಿಯುವವನು ಹೊಸ ತಲೆಮಾರಿನದನ್ನೇ ಹುಡುಕಬೇಕು. ಕೆಲಸ ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ದಪ್ಪವನ್ನೋ ತೆಳುವನ್ನೋ ಆಮೇಲೆ ಆರಿಸಿದರೆ ಪಗಾರದಿಂದ ಉಳಿಸಿದ ಹಣಕ್ಕೆ ಮೋಸವಾಗದು.