ಗ್ರಿಫಿನ್ ಲಾಂಛನದ ಪೂರ್ವಕಥೆ

ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1984ರಿಂದ ಮುಂದಿನ ಸುಮಾರು ಎರಡು ದಶಕಗಳ ಕಾಲ ತಯಾರಿಸಿದ ಕಾಂಟೆಸಾ ಕಾರನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅದರ ಮೂಲ ವಿನ್ಯಾಸವು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ವಿಕ್ಟರ್ ಎಂಬ ಕಾರಿನದು. ಅದೇ ಸಂಸ್ಥೆಯು ಅದಕ್ಕೂ ಮುನ್ನ ನಮ್ಮ ದೇಶದಲ್ಲಿ ತಯಾರಿಸಿದ ಬೆಡ್‌ಫರ್ಡ್ ಲಾರಿಯೂ ವಾಕ್ಸ್‌ಹಾಲ್ ಕಂಪನಿಯ ಕೊಡುಗೆಯೇ. ಈ ಕಂಪನಿಯ ಲಾಂಛನ ಗ್ರಿಫಿನ್ ಎಂಬ ಕಲ್ಪಿತ ಪ್ರಾಣಿ. ಹದ್ದಿನ ತಲೆ ಮತ್ತು ರೆಕ್ಕೆ, ಸಿಂಹದ ಒಡಲು, ಹಿಡಿದ ಧ್ವಜದ ಮೇಲೆ 'ವಿ' ಅಕ್ಷರ. ಯಂತ್ರಯುಗದ ವಾಹನಕ್ಕೆ ಇಂತಹ ಪ್ರಾಚೀನ ಮೃಗವು ಹೇಗೆ ಬಂದಿತೆಂಬುದು ಸ್ವಾರಸ್ಯಕರವಾದ ಚರಿತ್ರೆ.

ಚಾಲುಕ್ಯರು ವರಾಹಲಾಂಛನವನ್ನು ಧರಿಸಿದಂತೆ ಯುರೋಪಿನ ಯೋಧರೂ ಹನ್ನೆರಡನೆಯ ಶತಮಾನದಿಂದ ತಮ್ಮ ಗುರಾಣಿಗಳ ಮೇಲೆ ಪ್ರಾಣಿ, ಪುಷ್ಪ, ಪಟ್ಟೆಗಳನ್ನು ಬರೆಸತೊಡಗಿದರು. ಶಿರಸ್ತ್ರಾಣವು ಮುಖವನ್ನು ಮರೆಮಾಡುತ್ತಿದ್ದ ಕಾಲದಲ್ಲಿ ಯೋಧನ ಗುರುತಿಗೆ ಇವು ನೆರವಾದವು. ಕ್ರಮೇಣ ತಂದೆಯಿಂದ ಮಗನಿಗೆ ಬರುವ ಕುಲಸ್ವತ್ತಾದವು. ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡನ 1198ರ ಮುದ್ರೆಯಲ್ಲಿ ಮೂರು ಸಿಂಹಗಳಿವೆ; ಇಂದಿಗೂ ಅಲ್ಲಿನ ರಾಜಲಾಂಛನದಲ್ಲಿ ಅವು ಉಳಿದುಬಂದಿವೆ.

ರಿಚರ್ಡನ ತಮ್ಮನಾದ ಜಾನ್ ದೊರೆಯ ಸೇವೆಯಲ್ಲಿ ಮೇಲೇರಿದವನು ಫಾಕ್ಸ್ ದ ಬ್ರೆಯೋತೆ. ನಾರ್ಮಂಡಿಯಿಂದ ಬಂದ ಈತನಿಗೆ ಹೇಳಿಕೊಳ್ಳುವ ಕುಲಗೌರವವಿರಲಿಲ್ಲ. ಕತ್ತಿಯೇ ಅವನ ಬಂಡವಾಳ. 1215ರಲ್ಲಿ ಸರದಾರರು ದಂಗೆಯೆದ್ದಾಗ ಅವನು ದೊರೆಯ ಪಕ್ಷದಲ್ಲಿ ನಿಂತು ಬೆಡ್‌ಫರ್ಡ್ ಕೋಟೆಯನ್ನು ವಶಪಡಿಸಿಕೊಂಡನು. ಅದಕ್ಕೆ ಪ್ರತಿಫಲವಾಗಿ ಆ ಕೋಟೆಯೂ ಲೂಟನ್ನಿನ ಜಹಗೀರೂ ದೊರೆತವು. ಮಾರ್ಗರೆಟ್ ಎಂಬ ಶ್ರೀಮಂತ ವಿಧವೆಯನ್ನು ವಿವಾಹವಾದುದರಿಂದ ಲಂಡನ್ನಿನೆದುರು ಥೇಮ್ಸ್ ನದಿಯ ದಕ್ಷಿಣ ದಡದ ಭೂಮಿ ಅವನ ಕೈಸೇರಿತು. ಅಲ್ಲಿದ್ದ ಅವನ ಮನೆಗೆ ಜನರು ಫಾಕ್ಸ್‌ನ ಹಾಲ್ ಎಂದರು.

ಮಠಗಳ ಪಾಲಿಗೆ ಈತನು ಕಂಟಕಪ್ರಾಯನಾಗಿದ್ದನು. 1217ರಲ್ಲಿ ಸೇಂಟ್ ಆಲ್ಬನ್ಸ್ ಎಂಬ ಹೆಸರಾಂತ ಮಠದ ಊರನ್ನು ಸೂರೆಮಾಡಿದನು. ಅನಂತರ ಮಠದ ಗೋಪುರದಿಂದ ಕಲ್ಲೊಂದು ತನ್ನ ಮೇಲೆ ಬಿದ್ದಂತೆ ಕನಸು ಕಂಡು ಬೆದರಿದನಂತೆ. ಪತ್ನಿಯ ಒತ್ತಾಯಕ್ಕೆ ಮಣಿದು ಮಠಕ್ಕೆ ಬಂದು, ಬೆನ್ನು ಬರಿದುಮಾಡಿ, ಸಂನ್ಯಾಸಿಗಳಿಂದ ಛಡಿಯೇಟು ತಿಂದನು. ಆದರೆ ಕೊಳ್ಳೆಹೊಡೆದುದರಲ್ಲಿ ಒಂದು ಕಾಸನ್ನೂ ಹಿಂದಿರುಗಿಸಲೊಲ್ಲದೆ ಹೊರಟುಹೋದನು. ಇದನ್ನು ಬರೆದಿಟ್ಟವರು ಅದೇ ಮಠದ ಸಂನ್ಯಾಸಿಗಳು. ನೊಂದವರ ಲೇಖನಿಯೆಂಬುದನ್ನು ಓದುಗರು ಮರೆಯಬಾರದು. ಆದರೂ ಬೆಡ್‌ಫರ್ಡಿನ ಕೋಟೆಯನ್ನು ಬಲಪಡಿಸಲು ಸಮೀಪದ ಸೇಂಟ್ ಪಾಲ್ ದೇವಾಲಯವನ್ನೇ ಕೆಡವಿಸಿದವನು ಇವನೆಂಬುದನ್ನು ನೆನೆದರೆ ಆ ವೃತ್ತಾಂತವನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಕಷ್ಟ.

1224ರಲ್ಲಿ ಡನ್‌ಸ್ಟಬಲ್ ಎಂಬಲ್ಲಿ ರಾಜನ ನ್ಯಾಯಾಧೀಶರು ಇವನ ಅನ್ಯಾಯದ ಒತ್ತುವರಿಗಳನ್ನು ವಿಚಾರಿಸಿ ವಿರುದ್ಧವಾಗಿ ತೀರ್ಪಿತ್ತರು. ಕುಪಿತನಾದ ಅವನ ತಮ್ಮ ವಿಲಿಯಂ, ಅವರಲ್ಲೊಬ್ಬ ನ್ಯಾಯಾಧೀಶನನ್ನು ಹಿಡಿದೊಯ್ದು ಬೆಡ್‌ಫರ್ಡ್ ಕೋಟೆಯಲ್ಲಿ ಸೆರೆಯಿಟ್ಟನು. ಹದಿನಾರರ ಹರೆಯದ ಮೂರನೆಯ ಹೆನ್ರಿ ದೊರೆ ಸ್ವತಃ ದಂಡೆತ್ತಿ ಬಂದು ಎಂಟು ವಾರಗಳ ಮುತ್ತಿಗೆಯ ಬಳಿಕ ಕೋಟೆಯನ್ನು ಗೆದ್ದನು. ವಿಲಿಯಂನೂ ಸುಮಾರು ಎಂಬತ್ತು ಮಂದಿ ಕಾವಲಿನವರೂ ಗಲ್ಲಿಗೇರಿದರು, ಕೋಟೆಯನ್ನು ಕೆಡವಲಾಯಿತು. ಫಾಕ್ಸ್ ಆಸ್ತಿಯನ್ನೆಲ್ಲ ಕಳೆದುಕೊಂಡು ದೇಶಭ್ರಷ್ಟನಾಗಿ 1226ರಲ್ಲಿ ಮಡಿದನು.

ಉಳಿದುದು ಹೆಸರೊಂದೇ. ಫಾಕ್ಸ್‌ಹಾಲ್ ಎಂಬುದು ಜನರ ನಾಲಗೆಯಲ್ಲಿ ಸವೆದು ವಾಕ್ಸ್‌ಹಾಲ್ ಆಯಿತು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ವಿಹಾರೋದ್ಯಾನವೊಂದು ಹುಟ್ಟಿ ಯುರೋಪಿನಾದ್ಯಂತ ಪ್ರಸಿದ್ಧಿ ಪಡೆಯಿತು. ರಷ್ಯನ್ ಭಾಷೆಯಲ್ಲಿ ರೈಲುನಿಲ್ದಾಣಕ್ಕಿರುವ 'ವಗ್ಜಾಲ್' ಎಂಬ ಪದದ ಮೂಲವೂ ಇದೇ! 1857ರಲ್ಲಿ ಅಲೆಗ್ಸಾಂಡರ್ ವಿಲ್ಸನ್ ಎಂಬ ಎಂಜಿನಿಯರ್ ಆ ಬಡಾವಣೆಯಲ್ಲಿ ಪಂಪು ಹಾಗೂ ಹಡಗಿನ ಎಂಜಿನುಗಳ ಕಾರ್ಖಾನೆಯನ್ನು ತೆರೆದನು. ಅದು ಸ್ಥಳದ ಹೆಸರನ್ನೂ ಫಾಕ್ಸ್‌ನದೆಂದು ಪ್ರತೀತಿಯಿದ್ದ ಗ್ರಿಫಿನ್ನನ್ನೂ ತನ್ನದಾಗಿಸಿಕೊಂಡಿತು. ರಕ್ತಸಂಬಂಧವಾಗಲಿ ರಾಜಾಜ್ಞೆಯಾಗಲಿ ಇಲ್ಲಿಲ್ಲ. ಒಂದು ಸ್ಥಳನಾಮದ ಬೆನ್ನೇರಿ ಕುಲಲಾಂಛನವು ಕಾರ್ಖಾನೆಗೆ ಬಂದಿತು.

ಮೊದಲ ಕಾರು 1903ರಲ್ಲಿ ಹೊರಬಂದಿತು. ಸ್ಥಳ ಸಾಲದಾಗಿ 1905ರಲ್ಲಿ ಕಾರ್ಖಾನೆಯು ಸ್ಥಳಾಂತರಗೊಂಡುದು ಲೂಟನ್ನಿಗೆ, ಅಂದರೆ ಒಂದು ಕಾಲದಲ್ಲಿ ಫಾಕ್ಸ್‌ನ ಜಹಗೀರಾಗಿದ್ದ ಊರಿಗೇ! ಇದು ಕೇವಲ ಆಕಸ್ಮಿಕ. 1931ರಲ್ಲಿ ಲಾರಿಗಳಿಗೆ ಇಟ್ಟ ಹೆಸರು ಬೆಡ್‌ಫರ್ಡ್. ಮುಂದೆ ಅವು ತಯಾರಾದುದು ಡನ್‌ಸ್ಟಬಲ್‌ನಲ್ಲಿ. ಅವನನ್ನು ಕೆಡವಿದ ಊರುಗಳ ಹೆಸರೆಲ್ಲ ಹೀಗೆ ಅವನ ಗ್ರಿಫಿನ್ನಿನ ಸುತ್ತ ಮತ್ತೆ ನೆರೆದವು.

1925ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಈ ಕಂಪನಿಯನ್ನು ಕೊಂಡಿತು. 2017ರಲ್ಲಿ ಅದು ಫ್ರಾನ್ಸಿನ ಪ್ಯೂಜೋ ಸಮೂಹಕ್ಕೆ ಸೇರಿತು. ಪ್ಯೂಜೋ ಕಾರುಗಳ ಲಾಂಛನ ಸಿಂಹ. ಲೂಟನ್ನಿನ ಕಾರ್ಖಾನೆಯು 2025ರ ಮಾರ್ಚ್ ತಿಂಗಳಲ್ಲಿ, 120 ವರ್ಷಗಳ ಬಳಿಕ, ಮುಚ್ಚಿತು. ಗ್ರಿಫಿನ್ ಮಾತ್ರ ಸರಳ ರೇಖೆಗಳ ಹೊಸ ರೂಪದಲ್ಲಿ ವಾಹನಗಳ ಮೇಲೆ ಮುಂದುವರಿದಿದೆ.