ದಿನಕ್ಕೆ ಅರ್ಧ ಗಂಟೆ, ಒಂದೇ ಗಾಲಿಯ ಮೇಲೆ

ಫ್ಲಾಟ್‌ಲ್ಯಾಂಡ್ ಬಿಎಂಎಕ್ಸ್ ಎಂಬ ಸೈಕಲ್ ಕಸರತ್ತಿಗೆ ದಿಬ್ಬ ಬೇಡ, ರ್‍ಯಾಂಪ್ ಬೇಡ. 20 ಇಂಚು ಗಾಲಿಯ ಗಿಡ್ಡ ಸೈಕಲ್ಲು, ಗಾಲಿಯ ಅಚ್ಚಿನ ತುದಿಗೆ ಬಿಗಿದ ಪೆಗ್ ಎಂಬ ಲೋಹದ ಕೊಳವೆಗಳು, ನುಣುಪಾದ ನೆಲ, ಇಷ್ಟಿದ್ದರೆ ಸಾಕು. ‘ಹ್ಯಾಂಗ್ ಫೈವ್’ ಎಂಬ ಪಟ್ಟನ್ನೇ ನೋಡಿ. ಸವಾರರು ಒಂದು ಪಾದವನ್ನು ಮುಂದಿನ ಗಾಲಿಯ ಪೆಗ್ ಮೇಲೆ ಊರಿ, ಮೈಯನ್ನು ಮುಂದಕ್ಕೆ ತಂದು, ಹಿಂದಿನ ಗಾಲಿಯನ್ನು ಮೇಲೆತ್ತಿ, ಮುಂದಿನ ಗಾಲಿಯೊಂದರ ಮೇಲೇ ಉರುಳುತ್ತಾ ಹೋಗುತ್ತಾರೆ. ಇನ್ನೊಂದು ಕಾಲು ಗಾಳಿಯಲ್ಲಿ ತೂಗುತ್ತಿರುತ್ತದೆ. ಅದು ಅಂದಕ್ಕಲ್ಲ. ಆ ಕಾಲನ್ನು ಚೂರು ಹಿಂದೆ, ಚೂರು ಮುಂದೆ ಆಡಿಸಿಯೇ ಅವರು ತಮ್ಮ ಭಾರವನ್ನು ಟಯರು ನೆಲಕ್ಕೆ ತಾಗಿದ ಜಾಗದ ನೇರಕ್ಕೆ ತಂದುಕೊಳ್ಳುವುದು.

ಗಟ್ಟಿಯಾಗಿ ಗಾಳಿ ತುಂಬಿದ ಟಯರಿನಲ್ಲಿ ಆ ಜಾಗ ಕೆಲವೇ ಚದರ ಸೆಂಟಿಮೀಟರು. ವಾಲಿದ್ದನ್ನು ಕಣ್ಣಿನಿಂದ ಕಂಡು ಸರಿಪಡಿಸಲು ಹೊರಟರೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಕಳೆದುಹೋಗುತ್ತದೆ. ಹೊಸಬರು ತಡವಾಗಿ, ಬೇಕಾದ್ದಕ್ಕಿಂತ ಜೋರಾಗಿ ತಿದ್ದಲು ಹೋಗಿ ಬೀಳುತ್ತಾರೆ. ಪಳಗಿದವರ ಕಿರುಮೆದುಳು ಮರುಕ್ಷಣ ಮೈ ಎಲ್ಲಿರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ವಾಲುವುದಕ್ಕೆ ಮುಂಚೆಯೇ ಸ್ನಾಯುಗಳಿಗೆ ಸೂಚನೆ ಕಳಿಸಿರುತ್ತದೆ. ಈ ಲೆಕ್ಕ ಕೂಡಿಬರುವುದು ತಪ್ಪುಗಳಿಂದಲೇ, ಅದೂ ನೂರಾರು ತಪ್ಪುಗಳಿಂದ.

ಅಷ್ಟು ತಪ್ಪು ಮಾಡಲು ಹೊತ್ತೆಲ್ಲಿದೆ? 1980ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ಕೆವಿನ್ ಜೋನ್ಸ್ ಮತ್ತು ಅವರ ‘ಪ್ಲೈವುಡ್ ಹುಡ್ಸ್’ ಗೆಳೆಯರು ಉರುಳುತ್ತಲೇ ಮಾಡುವ ಪಟ್ಟುಗಳನ್ನು ಬೆಳೆಸಿದ ಮೇಲೆ ಈ ಕಲೆ ಜಪಾನ್, ಫ್ರಾನ್ಸ್‌ವರೆಗೂ ಹರಡಿತು. ಆದರೆ ಬಿಎಂಎಕ್ಸ್‌ನ ಪಾರ್ಕ್ ವಿಭಾಗಕ್ಕೆ ಟೋಕಿಯೋದಲ್ಲಿ ಒಲಿಂಪಿಕ್ಸ್ ಬಾಗಿಲು ತೆರೆದಾಗಲೂ ಫ್ಲಾಟ್‌ಲ್ಯಾಂಡ್ ಹೊರಗೇ ಉಳಿಯಿತು. ಇದರಿಂದ ಹೊಟ್ಟೆ ಹೊರೆಯುವವರು ಬೆರಳೆಣಿಕೆಯಷ್ಟು ಮಂದಿ. ಉಳಿದವರು ಕೆಲಸ ಮುಗಿಸಿ, ಖಾಲಿಯಾದ ಪಾರ್ಕಿಂಗ್ ಜಾಗದಲ್ಲಿ ಒಬ್ಬೊಬ್ಬರೇ ಅಭ್ಯಾಸ ಮಾಡುತ್ತಾರೆ. ಬಹಳಷ್ಟು ಮಂದಿ, ವಾರವಿಡೀ ಆಗದಿದ್ದರೇನು, ಭಾನುವಾರ ನಾಲ್ಕು ಗಂಟೆ ಒಟ್ಟಿಗೇ ಮಾಡೋಣ ಎಂದುಕೊಳ್ಳುತ್ತಾರೆ.

ಈ ಲೆಕ್ಕಾಚಾರ ಎಡವುವುದು ಎಲ್ಲಿ ಎಂದು ತೋರಿಸಿದವರು ಬ್ರಿಟನ್ನಿನ ಅಂಚೆ ನೌಕರರು. ಅವರು ಹೊಸದಾಗಿ ಕೀಲಿಮಣೆ ಕಲಿಯಬೇಕಾಗಿ ಬಂದಾಗ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಆ ನೌಕರರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ. ಇನ್ನೊಂದಕ್ಕೆ ಎರಡೆರಡು ಗಂಟೆಯಂತೆ ಎರಡು ಸಲ, ಅಂದರೆ ನಾಲ್ಕು ಗಂಟೆ. ಉಳಿದೆರಡು ಗುಂಪುಗಳಿಗೆ ಎರಡು ಗಂಟೆ. ಫಲಿತಾಂಶ 1978ರಲ್ಲಿ ಪ್ರಕಟವಾಯಿತು. ಒಂದು ಗಂಟೆಯವರು ಸುಮಾರು 35 ಗಂಟೆಗಳಲ್ಲಿ ಕೀಲಿಮಣೆ ಕಲಿತರೆ, ನಾಲ್ಕು ಗಂಟೆಯವರಿಗೆ ಸುಮಾರು 50 ಗಂಟೆ ಬೇಕಾಯಿತು. ದಿನಗಳ ಲೆಕ್ಕದಲ್ಲಿ ನಾಲ್ಕು ಗಂಟೆಯವರೇ ಮೊದಲು ಮುಗಿಸಿದರು, ನಿಜ. ಆದರೆ ಯಾರಿಗೆ ಗಂಟೆಗಳೇ ಅಪರೂಪವೋ ಅವರಿಗೆ ಲಾಭ ಇರುವುದು ಹಲವು ದಿನಗಳಿಗೆ ಹಂಚಿದ ಅಭ್ಯಾಸದಲ್ಲೇ.

ಆ ಪ್ರಯೋಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ಸಮಾಧಾನ ಇದ್ದದ್ದು ಚೆನ್ನಾಗಿ ಕಲಿಯುತ್ತಿದ್ದ ಆ ಒಂದು ಗಂಟೆಯವರಿಗೇ! ದಿನಗಳು ಉರುಳುತ್ತಿವೆ, ತಾವು ಹಿಂದೆ ಬಿದ್ದಿದ್ದೇವೆ ಅನ್ನಿಸಿತ್ತು ಅವರಿಗೆ. ಸವಾರರ ಉತ್ಸಾಹ ಬತ್ತುವುದೂ ಬಹುಪಾಲು ಹೀಗೆಯೇ ಎಂದು ನನಗನಿಸುತ್ತದೆ. ಕಲಿಕೆ ನಡೆದಿರುತ್ತದೆ, ಅದು ಮನಸ್ಸಿನ ಅರಿವಿಗೆ ಬಂದಿರುವುದಿಲ್ಲ.

ಅರಿವಿಗೆ ಬಾರದಿರಲು ಕಾರಣವಿದೆ. ಕಲಿಕೆಯ ಒಂದು ಪಾಲು ಅಭ್ಯಾಸ ನಿಂತ ಮೇಲೆ ನಡೆಯುತ್ತದೆ. ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರ 2002ರ ಪ್ರಯೋಗದಲ್ಲಿ, ಬೆರಳುಗಳಿಂದ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತಲು ಕಲಿತವರ ವೇಗ ಒಂದು ರಾತ್ರಿಯ ನಿದ್ದೆಯ ನಂತರ ಸುಮಾರು ಶೇ. 20ರಷ್ಟು ಏರಿತು. ನಡುವೆ ಅವರು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಇಂಥದೇ ಕೆಲಸವನ್ನು ಹತ್ತು ಸೆಕೆಂಡು ಮಾಡಿಸಿ, ಹತ್ತು ಸೆಕೆಂಡು ಬಿಡುವು ಕೊಟ್ಟು ನೋಡಿದರು. ಆರಂಭದ ಪ್ರಗತಿಯೆಲ್ಲ ಕಾಣಿಸಿದ್ದು ಬಿಡುವಿನ ಹೊತ್ತಿನಲ್ಲಿ. ಬೆರಳಿನ ಕೆಲಸ ಬೇರೆ, ಮೈಯೆಲ್ಲ ದುಡಿಸುವ ಸೈಕಲ್ಲು ಬೇರೆ. ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೂ ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಉಸಿರು ತೆಗೆದುಕೊಂಡು ಶುರುವಿನ ಗೆರೆಗೆ ನಡೆದು ಬರುವ ಆ ಅರ್ಧ ನಿಮಿಷ ದಂಡವಲ್ಲ ಎಂದು ನಂಬಲು ಇದು ಸಾಕು.

ಒಂದೇ ಪಟ್ಟನ್ನು ಅರ್ಧ ಗಂಟೆ ರುಬ್ಬುವುದೂ ಬೇಡ. ಬಗೆಬಗೆಯ ಚಲನೆಗಳನ್ನು ಕಲಸಿ ಕಲಿತವರು ಆ ಹೊತ್ತಿಗೆ ಹೆಚ್ಚು ತಪ್ಪಿದರೂ, ದಿನ ಕಳೆದ ಮೇಲೆ ಚೆನ್ನಾಗಿ ನೆನಪಿಟ್ಟುಕೊಂಡಿದ್ದನ್ನು ಶಿಯಾ ಮತ್ತು ಮಾರ್ಗನ್ 1979ರಲ್ಲೇ ತೋರಿಸಿದ್ದರು. ಇಲ್ಲೂ ಅದೇ ಮೋಸ: ಅಭ್ಯಾಸದ ಹೊತ್ತಿನ ಸೊಗಸು ಕಲಿಕೆಯ ಅಳತೆಯಲ್ಲ.

ಹಾಗಾದರೆ ಅಳೆಯುವುದು ಯಾವುದನ್ನು? ಮೆದುಳಿನ ಡೋಪಮಿನ್ ಕೋಶಗಳು ನಿರೀಕ್ಷೆಗಿಂತ ಹೆಚ್ಚು ಸಿಕ್ಕಾಗ ಚುರುಕಾಗುತ್ತವೆ, ನಿರೀಕ್ಷಿಸಿದ್ದು ಕೈತಪ್ಪಿದಾಗ ಮಂಕಾಗುತ್ತವೆ. ಇದನ್ನು 1990ರ ದಶಕದಲ್ಲಿ ಕೋತಿಗಳಲ್ಲಿ ದಾಖಲಿಸಿದವರು ವೋಲ್ಫ್‌ರಾಮ್ ಶುಲ್ಟ್ಸ್. “ಇವತ್ತು ಇಡೀ ಪಟ್ಟು ಕೂತೇಬಿಡಬೇಕು” ಎಂದು ಹೊರಟವರಿಗೆ ಪ್ರತಿ ಸಂಜೆಯೂ ನಿರಾಶೆ ಕಾದಿರುತ್ತದೆ. ಗಾಲಿ ಎಷ್ಟು ಅಡಿ ಉರುಳಿತು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ತಿಂಗಳಿಗೊಮ್ಮೆ ಫೋನಿನಲ್ಲಿ ವಿಡಿಯೋ ಮಾಡಿ ಹಿಂದಿನದರ ಜೊತೆ ಇಟ್ಟು ನೋಡುವುದು ಒಳ್ಳೆಯದು. ಸಣ್ಣ ಏರಿಕೆ ಆಗ ಕಣ್ಣಿಗೆ ಬೀಳುತ್ತದೆ.

ಇನ್ನು ಮನೆಯಿಂದ ಹೊರಡುವ ಮಾತು. 2002ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ವ್ಯಾಯಾಮದ ಮಹತ್ವ ತಿಳಿಸಿಕೊಟ್ಟ ವಿದ್ಯಾರ್ಥಿಗಳ ಪೈಕಿ ಮುಂದಿನ ವಾರ ವ್ಯಾಯಾಮ ಮಾಡಿದವರು ಶೇ. 35, ಏನೂ ಹೇಳದೆ ಬಿಟ್ಟವರ ಪೈಕಿ ಶೇ. 38. ಮಹತ್ವ ತಿಳಿಸಿದ್ದಲ್ಲದೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆಸಿಕೊಂಡವರಲ್ಲಿ ಶೇ. 91! ಹುರಿದುಂಬಿಸುವ ವಿಡಿಯೋಗಳನ್ನು ನೋಡುತ್ತ ಕೂರುವ ಬದಲು “ಮಂಗಳವಾರ ಏಳು ಗಂಟೆ, ಮಾರ್ಕೆಟ್ ಹಿಂದಿನ ಪಾರ್ಕಿಂಗ್” ಎಂದು ಒಂದು ಚೀಟಿಯಲ್ಲಿ ಬರೆದಿಡಿ.

ಮಳೆಗೋ ಗಾಯಕ್ಕೋ ವಾರಗಟ್ಟಲೆ ಬಿಟ್ಟುಹೋದರೆ? ಮೂರು ಚೆಂಡು ಎಸೆದು ಹಿಡಿಯಲು ಕಲಿತವರ ಮೆದುಳಿನ ಕೆಲವು ಭಾಗಗಳು ಮೂರು ತಿಂಗಳಲ್ಲಿ ಹಿಗ್ಗಿದ್ದನ್ನು, ಅಭ್ಯಾಸ ಬಿಟ್ಟ ಮೇಲೆ ಮತ್ತೆ ತಗ್ಗಿದ್ದನ್ನು ಜರ್ಮನಿಯ ಸಂಶೋಧಕರು 2004ರಲ್ಲಿ ಸ್ಕ್ಯಾನ್‌ಗಳಲ್ಲಿ ಕಂಡರು. ಹಾಗಾಗಿ ಬಿಟ್ಟರೆ ಒಂದಿಷ್ಟು ಕೈತಪ್ಪುವುದು ಖಂಡಿತ. ಆದರೆ ಒಮ್ಮೆ ಕಲಿತದ್ದನ್ನು ಮರಳಿ ಕಲಿಯಲು ಮೊದಲ ಸಲದಷ್ಟು ಹೊತ್ತು ಹಿಡಿಯುವುದಿಲ್ಲ. ಮರಳಿ ಬಂದ ವಾರ ಹಳೆಯ ಸೀಮೆಸುಣ್ಣದ ಗೆರೆಗಳನ್ನು ಒರೆಸಿ, ಹೊಸದಾಗಿ ಎಳೆಯಲು ಶುರುಮಾಡಬಹುದು.