ಸಕ್ಕರೆ ಅಚ್ಚು: ಮನೆಮಂದಿಯೆಲ್ಲ ಕೂಡಿ ಮಾಡುವ ಹಬ್ಬದ ಕೆಲಸ

ನಮ್ಮ ಹಬ್ಬಗಳಲ್ಲಿ ಕೆಲವು ದೇವರ ಮನೆಯಿಂದ ಮೊದಲಾಗುತ್ತವೆ. ಸಂಕ್ರಾಂತಿಯಾದರೋ ಅಡಿಗೆಯ ಮನೆಯಿಂದಲೇ ಮೊದಲಾಗುವುದು. ಜನವರಿ 14 ಅಥವಾ 15ನೆಯ ತಾರೀಖಿನಲ್ಲಿ ಒದಗುವ ಈ ಹಬ್ಬಕ್ಕೆ ಎಷ್ಟೋ ದಿನ ಮುಂಚಿನಿಂದ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಕೊಬ್ಬರಿ ಹೆಚ್ಚುವುದು, ಬೆಲ್ಲವನ್ನು ಸಣ್ಣಗೆ ಕತ್ತರಿಸಿ ಬಿಸಿಲಿಗೆ ಹರವುವುದು, ಕಡಲೆಕಾಯಿಬೀಜವನ್ನು ಹುರಿದು ಸಿಪ್ಪೆ ಕೇರುವುದು, ಎಳ್ಳನ್ನು ಹಸನುಮಾಡುವುದು ಇವೇ ಮೊದಲಾದ ಕೆಲಸಗಳು ನಡೆಯುತ್ತವೆ. ಇವುಗಳಿಗೆಲ್ಲ ಕಿರೀಟಪ್ರಾಯವಾದುದು ಸಕ್ಕರೆ ಅಚ್ಚು. ಎಳ್ಳು ಬೀರುವ ತಟ್ಟೆಯಲ್ಲಿ ಕಬ್ಬಿನ ತುಂಡು, ಬಾಳೆಯ ಹಣ್ಣುಗಳ ನಡುವೆ ಒಂದು ಬಿಳಿಯ ಗಿಳಿಯೋ ಬೃಂದಾವನವೋ ಇಲ್ಲದಿದ್ದರೆ ಹುಡುಗರಿಗೆ ಅದು ಹಬ್ಬವೆಂದೇ ತೋರದು.

ಉತ್ತರ ಕರ್ನಾಟಕದ ಮನೆಗಳಲ್ಲಿ ಇದೇ ಹಬ್ಬಕ್ಕೆ ಕುಸುರೆಳ್ಳು ಮಾಡುವರು. ಮಂದವಾದ ಉರಿಯ ಮೇಲೆ ಎಳ್ಳನ್ನಿಟ್ಟು, ತೆಳುವಾದ ಸಕ್ಕರೆಯ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕೈಯಾಡಿಸಿದರೆ ಕಾಳುಕಾಳಿನ ಮೇಲೂ ಸಕ್ಕರೆಯ ಸಣ್ಣ ಮುಳ್ಳುಗಳು ಏಳುತ್ತವೆ. ಅಲ್ಲಿ ಬೇಕಾದುದು ತಾಳ್ಮೆ. ಅಚ್ಚಿಗೆ ಬೇಕಾದುದು ಚುರುಕು.

ಸಕ್ಕರೆಯೆಂಬುದು ಒಂದು ಕಾಲಕ್ಕೆ ಅರಮನೆಯ ಪದಾರ್ಥವಾಗಿದ್ದಿತು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು, ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಅತಿ ಬಿಳುಪಾದ ಸಕ್ಕರೆಯನ್ನೂ, ಅದು ಶ್ರೀರಂಗಪಟ್ಟಣದ ಆಸ್ಥಾನಕ್ಕೆ ಸಲ್ಲುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿಯು ಸ್ಥಾಪಿತವಾಯಿತು. ಇಂದು ಸಕ್ಕರೆಗೆ ಬರವಿಲ್ಲ; ಅಚ್ಚು ಮಾಡುವ ಕೈಗಳಿಗೆ ಮಾತ್ರ ಬರ ಬಂದಿದೆ. ಅಂಗಡಿಯಲ್ಲಿ ಸಿದ್ಧವಾದ ಅಚ್ಚುಗಳು ದೊರೆಯುವುದರಿಂದ ಎಷ್ಟೋ ಮನೆಗಳ ಮರದ ಅಚ್ಚುಗಳು ಅಟ್ಟವನ್ನು ಸೇರಿವೆ. ಅವನ್ನು ಕೆಳಗಿಳಿಸಬೇಕೆಂಬುದೇ ನಮ್ಮ ಈ ಲೇಖನದ ಉದ್ದೇಶ.

ಮರದ ಅಚ್ಚು ಎರಡು ಅಥವಾ ಹೆಚ್ಚು ಹೋಳುಗಳಾಗಿರುತ್ತದೆ. ಒಳಮೈಯಲ್ಲಿ ಆನೆ, ಗಿಳಿ, ಮೀನು, ಗೋಪುರ, ತುಳಸೀ ಬೃಂದಾವನ ಮೊದಲಾದ ರೂಪಗಳನ್ನು ಕೊರೆದಿರುವರು. ಹಿಂದಿನ ರಾತ್ರಿಯೇ ಇವನ್ನು ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೆಗೆದು ಮೇಲಿನ ನೀರನ್ನು ಬಟ್ಟೆಯಿಂದ ಒರಸಬೇಕು. ಒಣಗಿದ ಮರವು ಪಾಕವನ್ನು ಹೀರಿಕೊಂಡು ಅಚ್ಚನ್ನು ಬಿಡದು. ನೆನೆದ ಮರವಾದರೆ ಸುಲಭವಾಗಿ ಬಿಡುವುದು. ಬಳಿಕ ಹೋಳುಗಳನ್ನು ಜೋಡಿಸಿ, ದಾರದಿಂದಾಗಲಿ ರಬ್ಬರಿನ ಪಟ್ಟಿಯಿಂದಾಗಲಿ ಬಿಗಿದು ಸಾಲಾಗಿ ನಿಲ್ಲಿಸತಕ್ಕುದು.

ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಒಲೆಯ ಮೇಲಿಡಿರಿ. ಕುದಿ ಬಂದಾಗ ನಾಲ್ಕಾರು ಚಮಚ ಹಾಲು ಹಾಕಿದರೆ, ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ತನ್ನೊಡನೆ ನೊರೆಯಾಗಿ ಮೇಲಕ್ಕೆ ತರುವುದು. ಅದನ್ನು ತೆಗೆದು ಪಾಕವನ್ನು ಒದ್ದೆಯಾದ ತೆಳುಬಟ್ಟೆಯಲ್ಲಿ ಸೋಸಬೇಕು. ಸೋಸಿದ ಪಾಕವನ್ನೆಲ್ಲ ಒಮ್ಮೆಗೇ ಕಾಯಿಸಲಾಗದು. ಒಂದೆರಡು ಸೌಟಿನಷ್ಟನ್ನು ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು, ಕೈಬಿಡದೆ ತಿರುವುತ್ತ ಕಾಯಿಸಬೇಕು. ಪಾಕವು ದಪ್ಪನಾಗಿ, ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಕಟ್ಟತೊಡಗಿದೊಡನೆ ಇಳಿಸಿ, ಅಚ್ಚುಗಳೊಳಕ್ಕೆ ಬೇಗಬೇಗನೆ ಹೊಯ್ಯಬೇಕು. ಕ್ಷಣ ತಡವಾದರೆ ಅದು ಪಾತ್ರೆಯಲ್ಲಿಯೇ ಗಟ್ಟಿಯಾಗುವುದು. ಹಾಗಾದರೂ ನಷ್ಟವಿಲ್ಲ, ಚಮಚ ನೀರು ಸೇರಿಸಿ ಮತ್ತೆ ಕರಗಿಸಬಹುದು. ಹತ್ತು ನಿಮಿಷದೊಳಗೆ ಕಟ್ಟು ಬಿಚ್ಚಿ, ಹೋಳುಗಳನ್ನು ಮೆಲ್ಲಗೆ ಅಗಲಿಸಿದರೆ ಅಚ್ಚು ಹೊರಬರುವುದು.

ಇಲ್ಲಿ ತಿರುವುವುದೇ ಮುಖ್ಯವೆಂಬುದನ್ನು ಗಮನಿಸಬೇಕು. ಪಾಕವನ್ನು ಅಲುಗಿಸದೆ ಬಹುದಿನ ಬಿಟ್ಟರೆ ಸಕ್ಕರೆಯು ದೊಡ್ಡ ಹರಳುಗಳಾಗಿ ಕಲ್ಲುಸಕ್ಕರೆಯಾಗುವುದು. ತಿರುವಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಮ್ಮೆಗೇ ಹುಟ್ಟಿ, ಒಂದಕ್ಕೊಂದು ಹೆಣೆದುಕೊಂಡು ಹಾಲಿನಂತಹ ಬಿಳುಪನ್ನು ಕೊಡುವುವು. ನಿಂಬೆಯ ರಸವು ಹರಳು ಕಟ್ಟುವುದನ್ನು ತಡೆಯುವ ವಸ್ತು; ಆದುದರಿಂದ ಅದನ್ನು ಹಾಕುವ ಮನೆಗಳಲ್ಲಿಯೂ ಒಂದೆರಡು ತೊಟ್ಟನ್ನು ಮೀರಬಾರದು. ಗಾಳಿಯಲ್ಲಿ ತೇವವಿರುವ ದಿನ ಅಚ್ಚು ಬೇಗ ಒಣಗದು. ಬಿಸಿಲು ಚೆನ್ನಾಗಿರುವ ದಿನವನ್ನೇ ಆರಿಸಿಕೊಳ್ಳಬೇಕು.

ಒಂದು ಎಚ್ಚರಿಕೆ. ಕಾದ ಪಾಕವು ಕುದಿಯುವ ನೀರಿಗಿಂತ ಬಿಸಿ. ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುವುದು. ಮಕ್ಕಳನ್ನು ಒಲೆಯಿಂದ ದೂರವಿರಿಸಬೇಕು. ಅಕಸ್ಮಾತ್ ಸುಟ್ಟರೆ ತುಪ್ಪ, ಶಾಯಿಗಳನ್ನು ಹಚ್ಚದೆ, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ಗಾಯ ದೊಡ್ಡದಾದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈ ಕೆಲಸದ ಸೊಗಸಿರುವುದು ಇದನ್ನು ಒಬ್ಬರೇ ಮಾಡಲಾಗದೆಂಬುದರಲ್ಲಿ. ಒಬ್ಬರು ಪಾಕ ತಿರುವಬೇಕು, ಒಬ್ಬರು ಹೊಯ್ಯಬೇಕು, ಒಬ್ಬರು ಕಟ್ಟು ಬಿಚ್ಚಬೇಕು. ಮುರಿದ ಆನೆಯ ಸೊಂಡಿಲನ್ನೂ ಗಿಳಿಯ ಕೊಕ್ಕನ್ನೂ ತಿಂದು ಮುಗಿಸುವುದಕ್ಕೆ ಮಕ್ಕಳಿದ್ದೇ ಇರುವರು. ಅಚ್ಚುಗಳನ್ನು ಬಿಗಿಯುವುದೂ ಪಾತ್ರೆಗಳನ್ನು ತೊಳೆಯುವುದೂ ಗಂಡಸರಿಗೆ ಸಲ್ಲದ ಕೆಲಸಗಳೇನೂ ಅಲ್ಲ. ಹಬ್ಬವು ಮನೆಯವರೆಲ್ಲರದಾದರೆ ಅದರ ದಣಿವೂ ಎಲ್ಲರದಾಗಬೇಡವೆ?

ಇನ್ನೊಂದು ಮಾತನ್ನು ನಾವು ಹೇಳದೆ ಬಿಡಲಾರೆವು. ಪಾಕದ ಹದವನ್ನು ಪುಸ್ತಕವು ತಿಳಿಸಲಾರದು. ಅದನ್ನು ಬಲ್ಲುದು ಅನುಭವದ ಕೈ. ಬಹುಮನೆಗಳಲ್ಲಿ ಆ ಕೈ ಅಜ್ಜಿಯದೋ ಸೋದರತ್ತೆಯದೋ ಆಗಿರುತ್ತದೆ. ಅವರಲ್ಲಿ ಗಂಡನನ್ನು ಕಳೆದುಕೊಂಡವರೂ ಉಂಟು. ಹೊಗೆಯ ಮುಂದೆ ಕುಳಿತು ನೂರು ಅಚ್ಚುಗಳನ್ನು ತೆಗೆದ ಆಕೆಯನ್ನು, ಸಂಜೆ ರೇಷ್ಮೆಯುಟ್ಟು ತಟ್ಟೆ ಹಿಡಿದು ಹೊರಡುವಾಗ ಒಳಗೇ ಉಳಿಸಿಹೋಗುವ ವಾಡಿಕೆ ನಮ್ಮಲ್ಲಿ ಬಹುಕಾಲ ನಡೆದುಬಂದಿತು. ಇಂದಿಗೂ ಪೂರಾ ಅಳಿದಿಲ್ಲ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡೆಂದು ಊರಿಗೆಲ್ಲ ಹೇಳುವ ನಾವು, ಆ ಒಳ್ಳೆಯ ಮಾತನ್ನು ಮೊದಲು ಆಡಬೇಕಾದುದು ಅಡಿಗೆಯ ಮನೆಯಲ್ಲಿ ಅಲ್ಲವೆ? ಸವಿಗೆ ಮೈಲಿಗೆಯಿಲ್ಲ, ಅದನ್ನು ಮಾಡಿದ ಕೈಗೂ ಇರಲಾರದು.

ಆದುದರಿಂದ ಗೃಹಿಣಿಯರಲ್ಲಿಯೂ ಗೃಹಸ್ಥರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಈ ಸಂಕ್ರಾಂತಿಗೆ ಅಚ್ಚುಗಳನ್ನು ಅಟ್ಟದಿಂದಿಳಿಸಿರಿ, ಇಲ್ಲದವರು ನೆರೆಮನೆಯಿಂದ ಎರವು ತನ್ನಿರಿ. ಹಿರಿಯರ ಪಕ್ಕದಲ್ಲಿ ಕಿರಿಯರನ್ನು ಕೂಡಿಸಿ ಹದವನ್ನು ಕಲಿಸಿರಿ. ಮೊದಲು ಹೊರಬಂದ ಮುಕ್ಕಿಲ್ಲದ ಅಚ್ಚನ್ನು, ಪಾಕ ತಿರುವಿದವರ ಕೈಯಲ್ಲಿಟ್ಟು ನಮಸ್ಕರಿಸಿರಿ. ತಟ್ಟೆಗಳು ಬೀದಿಗೆ ಹೊರಡುವುದು ಆ ಬಳಿಕ. ಅವರೂ ನಿಮ್ಮೊಡನೆ ಹೊರಡಲಿ.